ಓಡುವವನ ಕಿವಿಯಲ್ಲಿ ತಂತಿವಾದ್ಯ

ದಾರಿ ಸಾಗುವವನಿಗೆ ಹಾಡೇ ಜೊತೆಗಾರನೆಂಬುದು ನಮ್ಮ ಹಿರಿಯರಿಗೆ ತಿಳಿಯದ ಮಾತಲ್ಲ. ಹುಲಿಗಿಯ ಹುಲಿಗೆಮ್ಮನ ಜಾತ್ರೆಗೆ ನಡೆದು ಹೋಗುವವರು ಹಾಡಿಕೊಂಡೇ ಹೋಗುವರು. ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಟ ಭಜನೆಯವರು ಏಕತಾರಿಯನ್ನು ಹೆಗಲಿಗೇರಿಸಿಕೊಂಡೇ ಹೊರಡುವರು. ಬೀಸುವಲ್ಲಿ, ಕುಟ್ಟುವಲ್ಲಿ, ಕಳೆ ತೆಗೆಯುವಲ್ಲಿ, ಎಲ್ಲೆಲ್ಲಿ ದೇಹಕ್ಕೆ ಶ್ರಮವುಂಟೋ ಅಲ್ಲೆಲ್ಲ ನಮ್ಮ ಜನರು ಹಾಡನ್ನು ಹುಟ್ಟಿಸಿಕೊಂಡಿರುವರು. ಆದರೆ ಕಿವಿಯೊಳಗೆ ಚಿಕ್ಕದೊಂದು ಯಂತ್ರವನ್ನಿಟ್ಟುಕೊಂಡು, ತನ್ನ ಹಾಡನ್ನು ತಾನೊಬ್ಬನೇ ಕೇಳುತ್ತ ಓಡುವ ಪದ್ಧತಿಯು ತೀರ ಈಚಿನದು. ಜಪಾನಿನ ಸೋನಿ ಕಂಪನಿಯು 1979ರಲ್ಲಿ ವಾಕ್‌ಮನ್ ಎಂಬ ಕೈಯಂತ್ರವನ್ನು ಹೊರತಂದ ಮೇಲೆ ಇದು ಲೋಕದಲ್ಲೆಲ್ಲ ಹಬ್ಬಿತು. ಈಗ ಮೊಬೈಲಿನ ದೆಸೆಯಿಂದ ಇರಕಲ್ಲಗಡದಂಥ ನಮ್ಮ ಕಲ್ಲುಗುಡ್ಡಗಳ ಊರಿಗೂ ಬಂದು ಮುಟ್ಟಿದೆ. ಇದರ ಗುಣದೋಷಗಳನ್ನು ವಿಚಾರಮಾಡುವಂತೆ ನನ್ನನ್ನು ಪ್ರೇರಿಸಿದ ಪ್ರಸಂಗವೊಂದನ್ನು ಮೊದಲು ನಿವೇದಿಸುವೆನು.

ನನ್ನ ತಮ್ಮನ ಮಗನು ಪೊಲೀಸು ಪೇದೆಯ ಕೆಲಸಕ್ಕೆ ಸೇರಬೇಕೆಂಬ ಹಂಬಲದವನು. ಆ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರು ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕಾಗುವುದು. ಹಿಂದಿನ ಸಲ ಅವನು ಕೆಲವೇ ಸೆಕೆಂಡುಗಳಿಂದ ಹಿಂದೆ ಬಿದ್ದನು. ಅಂದಿನಿಂದ ದಿನವೂ ಬೆಳಗಿನ ಜಾವ ಕೊಪ್ಪಳದ ದಾರಿ ಹಿಡಿದು ಓಡುತ್ತಿದ್ದನು. ಒಂದು ದಿನ ನಾನೂ ತಿರುಗಾಟಕ್ಕೆಂದು ಆ ಕಡೆಗೆ ಹೋಗಿದ್ದೆನು. ಹಿಂದಿನಿಂದ ಕಲ್ಲು ತುಂಬಿದ ಲಾರಿಯೊಂದು ಹಾರನ್ನು ಬಾರಿಸುತ್ತ ಬರುತ್ತಿದ್ದಿತು. ನಾನು ಕೂಗಿದೆನು, ಅವನು ಕೇಳಲಿಲ್ಲ. ಲಾರಿಯು ಮೈಗೆ ತಗಲುವಷ್ಟು ಸಮೀಪಕ್ಕೆ ಬಂದಾಗ ಬೆದರಿ ಜಾಲಿಯ ಕಂಟಿಯೊಳಗೆ ಹಾರಿ ಬಿದ್ದನು. ಮೊಣಕಾಲು ತರಚಿತು, ದೈವಯೋಗದಿಂದ ಹೆಚ್ಚಿನ ಕೇಡಾಗಲಿಲ್ಲ.

“ಏನ್ ಕೇಳಾಕತ್ತಿದ್ದೆಪಾ, ಜೀವಾ ಹೋಗೂವಂಗ?” ಎಂದು ಗದರಿಸಿದೆನು.

“ಅಮೇರಿಕಾದ ಹಾಡ್ರಿ ದೊಡ್ಡಪ್ಪಾ. ಬೆಂಗಳೂರಾಗ ಓದೂ ಗೆಳ್ಯಾ ಕಳ್ಸ್ಯಾನ. ಇದನ್ನ ಕೇಳಿದ್ರ ಕಾಲು ತಾವ ಓಡತಾವ್ರಿ” ಎಂದು, ಕಿವಿಯ ಗುಂಡಿಯನ್ನು ನನ್ನ ಕೈಗಿತ್ತನು.

ನಿಂದಿಸಬೇಕೆಂದೇ ಕಿವಿಗಿಟ್ಟುಕೊಂಡೆನು. ಆದರೆ ಕೇಳುತ್ತಿದ್ದಂತೆ ಕೋಪವು ಇಳಿದು ಆಶ್ಚರ್ಯವು ಏರಿತು. ಮೃದಂಗವಿಲ್ಲ, ತಬಲವಿಲ್ಲ, ಚರ್ಮವಾದ್ಯದ ಪೆಟ್ಟೇ ಇಲ್ಲ. ಬರಿಯ ತಂತಿಗಳು ಮಳೆಯ ಹನಿಗಳಂತೆ ಒತ್ತೊತ್ತಾಗಿ ಉದುರುತ್ತಿದ್ದವು. ಆದರೂ ತಾಳವು ಒಂದಿಷ್ಟೂ ಸಡಿಲಾಗಿರಲಿಲ್ಲ. ಈ ನಾದವನ್ನು ನಾನು ಎಲ್ಲಿಯೋ ಕೇಳಿರುವೆನಲ್ಲಾ ಎನ್ನಿಸಿತು. ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಾಗ ಹೊಳೆಯಿತು: ಅದು ನಾನು ಬಾಲ್ಯದಲ್ಲಿ ಜಾತ್ರೆಯ ದಾರಿಯಲ್ಲಿ ಕೇಳಿದ ಚೌಡಿಕೆಯ ನಾದದ ಸೋದರಿಯಾಗಿದ್ದಿತು.

ಹುಡುಗನು ಕೇಳುತ್ತಿದ್ದ ಸಂಗೀತಕ್ಕೆ ಬ್ಲೂಗ್ರಾಸ್ ಎಂದು ಹೆಸರು. ಅಮೇರಿಕದ ಕೆಂಟಕಿ ಪ್ರಾಂತದಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ಎಂಬಾತನು 1939ರಲ್ಲಿ ಕಟ್ಟಿದ ‘ಬ್ಲೂ ಗ್ರಾಸ್ ಬಾಯ್ಸ್’ ಮೇಳದಿಂದ ಆ ಹೆಸರು ಬಂದಿತು. ಮ್ಯಾಂಡೊಲಿನ್, ಪಿಟೀಲು, ಗಿಟಾರು, ಬ್ಯಾಂಜೊ, ಆಳೆತ್ತರದ ಮಂದ್ರಸ್ವರದ ಬೇಸ್ ಇವಿಷ್ಟೇ ಅದರ ವಾದ್ಯಗಳು. ಬೇಸಿನ ತಂತಿಯು ತಾಳದ ಪೆಟ್ಟನ್ನು ಹಾಕಿದರೆ, ಎರಡು ಪೆಟ್ಟುಗಳ ನಡುವಿನ ಎಡೆಯನ್ನು ಮ್ಯಾಂಡೊಲಿನ್ನಿನ ಮೊಟಕು ಮಿಡಿತವು ತುಂಬುವುದು. ಹೀಗೆ ಚರ್ಮವಾದ್ಯದ ಕೆಲಸವನ್ನು ತಂತಿಗಳೇ ಮಾಡುವುವು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣನು ಈ ಮೇಳವನ್ನು ಸೇರಿ, ಮೂರು ಬೆರಳುಗಳಿಂದ ಬ್ಯಾಂಜೊವನ್ನು ಮಿಡಿಯುವ ತನ್ನ ಕ್ರಮದಿಂದ ಅದಕ್ಕೆ ಇಂದಿನ ವೇಗವನ್ನು ತಂದುಕೊಟ್ಟನು. ನಮ್ಮ ಕಡೆ ಬ್ಯಾಂಜೊ ಎಂದರೆ ಗುಂಡಿಗಳನ್ನೊತ್ತಿ ನುಡಿಸುವ ಬುಲ್‌ಬುಲ್ ತರಂಗವೆಂದು ತಿಳಿಯುವರು, ಇದು ಅದಲ್ಲ. ಇದಕ್ಕೆ ತಮಟೆಯಂಥ ದುಂಡು ಮೈ, ಅದರ ಮೇಲೆ ಬಿಗಿದ ಹೊದಿಕೆ, ಉದ್ದನೆಯ ಕತ್ತು, ಐದು ತಂತಿಗಳು. ಐದನೆಯದು ಮಿಕ್ಕವುಗಳಿಗಿಂತ ಗಿಡ್ಡ. ಅದು ನಮ್ಮ ಏಕತಾರಿಯ ತಂತಿಯಂತೆ ಒಂದೇ ಸ್ವರವನ್ನು ಬಿಡದೆ ನುಡಿಯುವುದು.

ಚೌಡಿಕೆಯನ್ನು ಕಂಡವರಿಗೆ ಈ ಸಾದೃಶ್ಯವು ಥಟ್ಟನೆ ತಿಳಿಯುವುದು. ಮರದ ಟೊಳ್ಳು ಮೈ, ಅದರ ತಳಕ್ಕೆ ಬಿಗಿದ ಚರ್ಮ, ಆ ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಕಟ್ಟಿದ ಒಂದೇ ತಂತಿ. ಅದನ್ನು ಕಂಕುಳಲ್ಲಿರಿಸಿಕೊಂಡು ಮಿಡಿದರೆ ಸ್ವರ ಮತ್ತು ಪೆಟ್ಟು ಎರಡೂ ಏಕಕಾಲಕ್ಕೆ ಹೊರಡುವುವು. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನಷ್ಟೆ. ತಂತಿಯುಳ್ಳದ್ದು ತತ, ಚರ್ಮ ಬಿಗಿದದ್ದು ಅವನದ್ಧ. ಚೌಡಿಕೆಯೂ ಬ್ಯಾಂಜೊವೂ ಈ ಎರಡು ಮನೆಗಳ ಹೊಸ್ತಿಲಿನ ಮೇಲೆ ಕುಳಿತಿರುವ ವಾದ್ಯಗಳು. ಶ್ರುತಿಯು ತಾಯಿ, ಲಯವು ತಂದೆಯೆಂದು ನಮ್ಮ ಸಂಗೀತಗಾರರು ಹೇಳುವರು. ಇಲ್ಲಿ ಒಂದೇ ತಂತಿಯು ತಾಯಿತಂದೆಗಳಿಬ್ಬರ ಕೆಲಸವನ್ನೂ ಮಾಡುತ್ತಿರುವುದು. ಹೆಜ್ಜೆಯನ್ನು ಹಿಡಿದು ನಡೆಸುವ ಶಕ್ತಿಯು ಇವುಗಳಿಗೆ ಬಂದದ್ದು ಇದರಿಂದಲೇ ಎಂದು ನನ್ನ ಊಹೆ.

ಈ ಶಕ್ತಿಯು ಬರಿಯ ಭ್ರಮೆಯಲ್ಲವೆಂದು ಶಾಸ್ತ್ರಜ್ಞರು ಅಳೆದು ತೋರಿಸಿರುವರು. ನ್ಯೂಯಾರ್ಕಿನ ಸೈಕಲ್ಲು ಪಂದ್ಯವೊಂದನ್ನು ನೋಡಿ ಲೆನರ್ಡ್ ಏರ್ಸ್ ಎಂಬಾತನು 1911ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬ್ಯಾಂಡು ನುಡಿಯುತ್ತಿದ್ದಾಗ ಸವಾರರ ವೇಗವು ಗಂಟೆಗೆ 19.6 ಮೈಲಿ, ನಿಂತಾಗ 17.9 ಮೈಲಿ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಸ್ ಕರಾಗೊರ್ಗಿಸ್ ಎಂಬ ವಿದ್ವಾಂಸರು ಬಹುಕಾಲದಿಂದ ಈ ವಿಷಯವನ್ನು ಪರಿಶೀಲಿಸಿರುವರು. ಅವರ ಮತದಂತೆ, ಸಾಧಾರಣ ವೇಗದ ವ್ಯಾಯಾಮದಲ್ಲಿ ತಕ್ಕ ಸಂಗೀತವು ಆಯಾಸದ ಅರಿವನ್ನು ಕಡಮೆಮಾಡುವುದು. ನಿಮಿಷಕ್ಕೆ ಸುಮಾರು 120ರಿಂದ 140 ಪೆಟ್ಟುಗಳ ಲಯವು ಇದಕ್ಕೆ ಬಹುಮಟ್ಟಿಗೆ ಅನುಕೂಲವಾದುದು. ಆದರೆ ಓಟವು ತೀವ್ರವಾಗಿ ಉಸಿರು ಮೇಲಕ್ಕೆ ಹತ್ತಿದಾಗ ದೇಹದ ಕೂಗು ಹಾಡನ್ನು ಮುಳುಗಿಸಿಬಿಡುವುದು. ಇಥಿಯೋಪಿಯದ ಹೈಲೆ ಗೆಬ್ರಸಿಲಾಸಿಯು 1998ರಲ್ಲಿ ಬರ್ಮಿಂಗ್‌ಹ್ಯಾಮಿನ ಒಳಾಂಗಣದಲ್ಲಿ 2000 ಮೀಟರಿನ ವಿಶ್ವದಾಖಲೆಯನ್ನು ಮಾಡಿದಾಗ ಅವನಿಗೆ ಪ್ರಿಯವಾದ ಹಾಡೊಂದನ್ನು ಅಲ್ಲಿ ನುಡಿಸಿದ್ದರು. ಆದರೆ ಆ ಹಾಡು ಕಣದಲ್ಲಿದ್ದವರಿಗೆಲ್ಲ ಕೇಳುತ್ತಿದ್ದಿತು. ಅವನೊಬ್ಬನ ಕಿವಿಯನ್ನು ಮುಚ್ಚಿರಲಿಲ್ಲ.

ಇಷ್ಟನ್ನು ತಿಳಿದು ಸಂತೋಷಪಟ್ಟವನು, ಮುಂದಿನದನ್ನು ತಿಳಿದು ಮೌನವಾಗಬೇಕಾಯಿತು. ಬ್ಯಾಂಜೊವನ್ನು ಅಮೇರಿಕಕ್ಕೆ ತಂದವರು ಗುಲಾಮರಾಗಿ ಹಡಗುಗಳಲ್ಲಿ ಒಯ್ಯಲ್ಪಟ್ಟ ಆಫ್ರಿಕದ ಜನರು. ವಾದ್ಯವು ಎಲ್ಲರ ಕೈ ಸೇರಿತು, ಕೀರ್ತಿ ಪಡೆಯಿತು. ಅದನ್ನು ಕೊಟ್ಟವರ ಹೆಸರು ಮಾತ್ರ ಬಹುಕಾಲ ಮರೆಯಾಯಿತು. ನಮ್ಮ ಚೌಡಿಕೆಯ ಕಥೆಯು ಇದಕ್ಕಿಂತ ಬೇರೆಯಲ್ಲ. ಆ ನಾದವನ್ನು ಉಳಿಸಿಕೊಂಡು ಬಂದವರಲ್ಲಿ ಅನೇಕರು ಬಾಲ್ಯದಲ್ಲಿಯೇ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಬಡವರ ಹೆಣ್ಣುಮಕ್ಕಳು. ನಾನು ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ, ನಾಲ್ಕನೆಯ ಇಯತ್ತೆಯ ಜಾಣ ಹುಡುಗಿಯೊಬ್ಬಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಮುತ್ತು ಕಟ್ಟಿದರೆಂದು ಮಕ್ಕಳು ಹೇಳಿದರು. ಕರ್ನಾಟಕದಲ್ಲಿ ಇದನ್ನು ನಿಷೇಧಿಸಿದ ಕಾಯಿದೆಯು 1982ರಲ್ಲಿಯೇ ಆಗಿದ್ದಿತು. ನನಗದು ತಿಳಿದೂ ಇದ್ದಿತು. ಊರಿನವರ ವಿರೋಧವೇಕೆಂದು ಸುಮ್ಮನಾದೆನು. ವರ್ಷಗಳ ಮೇಲೆ ಜಾತ್ರೆಯೊಂದರಲ್ಲಿ ಚೌಡಿಕೆಯ ಮೇಳಕ್ಕೆ ಮನಸೋತು ನಿಂತಿರುವಾಗ, ನುಡಿಸುತ್ತಿದ್ದವಳು ಕೈ ನಿಲ್ಲಿಸಿ, “ಸರ, ಆರಾಮ ಅದೀರೇನ್ರಿ?” ಎಂದು ಬಂದು ಕಾಲುಮುಟ್ಟಿ ನಮಸ್ಕರಿಸಿದಳು. ಆಕೆಗೆ ಉತ್ತರ ಕೊಡಲು ನನ್ನ ಬಾಯಿ ಬರಲಿಲ್ಲ.

ಹಾಗೆಂದು ಆ ನಾದವನ್ನು ತೊರೆಯಬೇಕೆಂದು ನಾನು ಹೇಳುವವನಲ್ಲ. ಅನ್ಯಾಯವು ತೊಲಗಬೇಕು, ವಾದ್ಯವು ಉಳಿಯಬೇಕು. ಕ್ಯಾರೊಲಿನ ಚಾಕೊಲೇಟ್ ಡ್ರಾಪ್ಸ್ ಎಂಬ ಕರಿಯ ತರುಣರ ಮೇಳವು 2005ರಲ್ಲಿ ಕೂಡಿ, ಜೋ ಥಾಂಪ್ಸನ್ ಎಂಬ ವೃದ್ಧ ಪಿಟೀಲುಗಾರನ ಬಳಿ ಕುಳಿತು ತಮ್ಮ ಹಿರಿಯರ ತಂತಿಸಂಗೀತವನ್ನು ಕಲಿತು, 2011ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ನಮ್ಮಲ್ಲಿ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯದ ಕಲೆಗಾಗಿ 2021ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಸಂಕಟದಲ್ಲಿ ಬೆಳೆದ ಕಲೆಗೆ ಗೌರವದ ಬಾಳೂ ಸಾಧ್ಯವೆಂಬುದಕ್ಕೆ ಇವು ಸಾಕ್ಷಿಗಳು. ಕೇಳುವವರಾದ ನಮ್ಮ ಮೇಲಿರುವ ಋಣವೆಂದರೆ, ಆ ನಾದವು ಯಾರ ಕೈಯಿಂದ ಬಂದಿತೆಂಬುದನ್ನು ಮರೆಯದಿರುವುದು. ಇನ್ನೊಂದು ಹುಡುಗಿಯ ಜಾಗವು ಶಾಲೆಯಲ್ಲಿ ಬರಿದಾದರೆ ನನ್ನಂತೆ ಸುಮ್ಮನಾಗದಿರುವುದು.

ಇನ್ನು ಓಡುವ ಮಕ್ಕಳುಳ್ಳ ಗೃಹಸ್ಥರಿಗೆ ಎರಡು ಮಾತುಗಳು. ವಾಹನಗಳು ತಿರುಗುವ ದಾರಿಯಲ್ಲಿ ಕಿವಿಗಳೆರಡನ್ನೂ ಮುಚ್ಚಿಕೊಂಡು ಓಡಕೂಡದು. ಬೆನ್ನಿಗೆ ಕಣ್ಣಿಲ್ಲ, ಕಿವಿಯೇ ಬೆನ್ನಿನ ಕಾವಲುಗಾರ. ಹಾಡು ಬೇಕಾದರೆ ಶಾಲೆಯ ಬಯಲಿನಲ್ಲಿ ಓಡಲಿ. ದನಿಯೂ ಮಿತವಾಗಿರಲಿ: 80 ಡೆಸಿಬಲ್ಲಿನ ದನಿಯನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿದೆ, ದನಿ ಏರಿದಷ್ಟೂ ಈ ಅವಧಿಯು ಬೇಗಬೇಗನೆ ಕುಗ್ಗುವುದು.

ನಮ್ಮ ಹುಡುಗನು ಈಗ ಶಾಲೆಯ ಬಯಲಿಗೆ ಹೋಗುತ್ತಿರುವನು. ಪರೀಕ್ಷೆಯ ದಿನ ಯಂತ್ರವು ಜೊತೆಗಿರದೆಂಬುದನ್ನು ನೆನೆದು, ವಾರದಲ್ಲಿ ನಾಲ್ಕು ದಿನ ಬರಿಗಿವಿಯಲ್ಲಿ ಓಡುವನು. ಉಳಿದ ದಿನ ಅಮೇರಿಕದ ತಂತಿಗಳನ್ನೂ ಚೌಡಿಕೆಯ ಪದಗಳನ್ನೂ ಕೇಳುವನು. “ಕಿವ್ಯಾಗ ಇರದಿದ್ರೂ ತಲ್ಯಾಗ ಬಾರಸ್ತೈತ್ರಿ ದೊಡ್ಡಪ್ಪಾ” ಎಂದು ಮೊನ್ನೆ ಹೇಳಿದನು. ನಾನು ಬಯಲಿನ ಅಂಚಿನ ಬೇವಿನ ಮರದ ಕೆಳಗೆ ಕೈಗಡಿಯಾರವನ್ನು ಹಿಡಿದು ಕುಳಿತಿರುವೆನು. ಇನ್ನೂ ನಾಲ್ಕು ಸೆಕೆಂಡು ಇಳಿಯಬೇಕಾಗಿದೆ.