ಹಳೆಯ ಕಂಪ್ಯೂಟರಿನಲ್ಲಿ ಮುಕ್ತ ವಿ.ವಿ. ಓದು

ಪ್ರಶ್ನೆ: ದೂರಶಿಕ್ಷಣದಲ್ಲಿ ಬಿ.ಎ. ಓದಬೇಕೆಂದಿದ್ದೇನೆ. ಮನೆಯಲ್ಲಿರುವ ಹಳೆಯ ಕಂಪ್ಯೂಟರ್ ಸಾಕೇ? ತಂತ್ರಾಂಶ ಕೊಳ್ಳಬೇಕೇ? – ಓದುಗರು, ಐರಣಿ

ಉತ್ತರ: ಧಾರಾಳವಾಗಿ ಸಾಕು, ತಂತ್ರಾಂಶಕ್ಕೆ ದುಡ್ಡು ಸುರಿಯಬೇಡಿ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿದಾಗ ಪಾಠಗಳು ಟಪಾಲಿನಲ್ಲಿ ಬರುತ್ತಿದ್ದವು. ಆ ಶಿಕ್ಷಣ ವಿಭಾಗವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಈಗ ಕೇಂದ್ರ ಸರ್ಕಾರದ ‘ಸ್ವಯಂ’ ತಾಣದ ವಿಡಿಯೊ ಪಾಠಗಳನ್ನೂ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ‘ಇ-ಜ್ಞಾನಕೋಶ’ದ ಪಠ್ಯಗಳನ್ನೂ ಉಚಿತವಾಗಿ ನೋಡಬಹುದು. ‘ಸ್ವಯಂ’ ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು.

ಟಿಪ್ಪಣಿ ಬರೆಯಲು ‘ಲಿಬ್ರೆ ಆಫೀಸ್’ ಹಾಕಿಕೊಳ್ಳಿ, ಅದೂ ಉಚಿತ. ಕನ್ನಡವನ್ನು ಮಾತ್ರ ಯೂನಿಕೋಡ್‌ನಲ್ಲೇ ಟೈಪಿಸಿ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದಂಥವು. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ‘ಕ’ ಇರಬೇಕಾದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಸಾಲುಗಟ್ಟುತ್ತವೆ. ರಾತ್ರಿಯೆಲ್ಲ ಕೂತು ಬರೆದದ್ದು ಹೀಗಾದರೆ ಹೊಟ್ಟೆ ಉರಿಯುತ್ತದೆ. ಕರೆಂಟು ಹೋಗುವ ಊರಾದ್ದರಿಂದ ಆಗಾಗ ಸೇವ್ ಮಾಡಿ, ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇಡಿ.

ಆದರೆ ದಿನಕ್ಕೊಂದು ಉತ್ತರವನ್ನು ಕೈಯಲ್ಲೇ ಬರೆಯಿರಿ. ಪದವಿ ಪರೀಕ್ಷೆ ಇಂದಿಗೂ ಪೆನ್ನು-ಹಾಳೆಯದೇ.