ತಾತನಿಗೆ ಅರಳುಮರಳು ಅನ್ನೋ ಮೊದಲು ಕಿವಿ ಪರೀಕ್ಷೆ ಮಾಡಿಸಿ

ಬಸವೇಶ್ವರನಗರದ ಒಂದು ಮನೆ ಅಂದ್ಕೊಳ್ಳಿ. "ತಾತಾ, ಕಾಫಿಗೆ ಸಕ್ಕರೆ ಹಾಕ್ಲಾ?" ಅಂತ ಮೊಮ್ಮಗಳು ಕೇಳ್ತಾಳೆ. ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪ್ರೆಸ್ ಮಷಿನ್ ಮುಂದೆ ನಿಂತು ದುಡಿದ ತಾತ ಸುಮ್ಮನೆ ನಗ್ತಾರೆ. ನಾಲ್ಕು ಸಲ ಹೀಗಾದರೆ ಮನೆಯವರ ತೀರ್ಪು ಸಿದ್ಧ: "ಅರವತ್ತಕ್ಕೆ ಅರಳುಮರಳು."

ಆದರೆ ತಾತ ಮರೆತಿಲ್ಲದೇ ಇರಬಹುದು. ಅವರಿಗೆ ಪ್ರಶ್ನೆಯೇ ಸರಿಯಾಗಿ ಕೇಳಿಸದೇ ಇದ್ದಿರಬಹುದು.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರಲ್ಲಿರುವ ಸುಮಾರು 15,000 ಕೂದಲುಕೋಶಗಳು ಶಬ್ದದ ಕಂಪನವನ್ನು ನರದ ಸಂಕೇತವಾಗಿ ಬದಲಿಸುತ್ತವೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ವಯಸ್ಸಾಗಲಿ, ಮಷಿನ್ ಗದ್ದಲವಾಗಲಿ, ಮೊದಲು ಹಾಳು ಮಾಡುವುದು ಕೀಚಲು ದನಿ ಹಿಡಿಯುವ ಕೋಶಗಳನ್ನೇ. ಆಗ ಸ್ವರಗಳು ಕೇಳಿಸುತ್ತವೆ, ಸ, ಶ, ತ, ಕ ಜಾರಿಹೋಗುತ್ತವೆ. 'ಸಕ್ಕರೆ' ಅನ್ನೋದು 'ಅಕ್ಕರೆ' ಥರ ಕೇಳಬಹುದು. ಮಾತಾಡ್ತಿರೋದು ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಕಿರುಚಿದರೂ ಅಷ್ಟೇ.

ಇದಕ್ಕೂ ಡಿಮೆನ್ಷಿಯಾಕ್ಕೂ ನಂಟಿದೆ. ಅರ್ಧ ಕೇಳಿದ ಮಾತನ್ನು ಜೋಡಿಸಲು ಮಿದುಳು ಹೆಚ್ಚು ದುಡಿಯಬೇಕು. ಮಾತು ಅರ್ಥವಾಗದವರು ನಿಧಾನಕ್ಕೆ ಜಗಲಿ, ಪಾರ್ಕು, ಮದುವೆಮನೆ ಎಲ್ಲ ಬಿಡುತ್ತಾರೆ. ತಡೆಯಬಹುದಾದ ಅಥವಾ ತಗ್ಗಿಸಬಹುದಾದ 14 ಅಪಾಯಕಾರಿ ಅಂಶಗಳನ್ನು 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿತು. ಅದರಲ್ಲಿ ಶ್ರವಣದೋಷವೂ ಒಂದು. ಹಾಗಂತ ಶ್ರವಣಸಾಧನ ಡಿಮೆನ್ಷಿಯಾಕ್ಕೆ ಮದ್ದಲ್ಲ. ಅಮೆರಿಕದಲ್ಲಿ 977 ಹಿರಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ 'ಅಚೀವ್' ಪ್ರಯೋಗದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದವರಲ್ಲಿ ಮೂರು ವರ್ಷಗಳ ಬೌದ್ಧಿಕ ಕುಸಿತ 48% ನಿಧಾನವಾಯಿತು.

ಡಿಮೆನ್ಷಿಯಾ ಈಗಾಗಲೇ ಇರುವವರಿಗೂ ಕಿವಿ ಮುಖ್ಯ. ನೆನಪಿನ ಪರೀಕ್ಷೆ ನಡೆಯುವುದೇ ಬಹುಪಾಲು ಬಾಯಿಮಾತಿನಲ್ಲಿ: "ಈ ಮೂರು ಪದ ನೆನಪಿಟ್ಟುಕೊಳ್ಳಿ." ಪದವೇ ಕೇಳಿಸದವರು ನೆನಪಿಡೋದು ಏನನ್ನ? ಕಾಯಿಲೆ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇದು ಬರೀ ಮನೆಯ ಸಮಸ್ಯೆಯೂ ಅಲ್ಲ. ರಾಜಾಜಿನಗರ, ವಿಜಯನಗರದ ಎಷ್ಟೋ ಮನೆಗಳು ಎದ್ದಿದ್ದು ಕಾರ್ಖಾನೆ ಸಂಬಳದಲ್ಲಿ. ಗದ್ದಲದಿಂದ ಬರುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿತ್ತು. ಇಎಸ್ಐ ಕಾಯ್ದೆಯೂ ಅದನ್ನು ಔದ್ಯೋಗಿಕ ರೋಗ ಅನ್ನುತ್ತಿತ್ತು. ಆದರೆ ನಿವೃತ್ತಿಯಾದ ಮೇಲೆ ಅದೇ ಕಿವುಡಿಗೆ ನಾವಿಡುವ ಹೆಸರು 'ವಯಸ್ಸಾಯ್ತು'. ಅಲ್ಲಿಗೆ ಕಾರ್ಖಾನೆಯ ಹೊಣೆಯೂ ಸರ್ಕಾರದ ಹೊಣೆಯೂ ಮುಗಿದುಹೋಗುತ್ತದೆ.

ಬಡ ಹಿರಿಯರಿಗೆ ಶ್ರವಣಸಾಧನ ಕೊಡಲು 2017ರಿಂದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಆದರೆ ಸಾಧನ ಕೈಗಿಟ್ಟರೆ ಸಾಲದು. ಕಿವಿಗೆ ತಕ್ಕಂತೆ ಹೊಂದಿಸಬೇಕು, ಡಿಮೆನ್ಷಿಯಾ ಇರುವವರಿಗೆ ದಿನಾ ಹಾಕಿಕೊಡಲು ಒಬ್ಬರು ಬೇಕು. ನೆನಪಿನ ಪರೀಕ್ಷೆ ನಡೆಯುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಮೊದಲು ಕಿವಿ ಪರೀಕ್ಷೆ ಆಗಲಿ ಅಂತ ಕೇಳೋದು ದೊಡ್ಡ ಬೇಡಿಕೆಯೇನಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು: ಟಿವಿ ಆರಿಸಿ, ತಾತನ ಎದುರು ಕೂತು, ಮುಖ ಕಾಣುವ ಹಾಗೆ ನಿಧಾನವಾಗಿ ಇನ್ನೊಮ್ಮೆ ಕೇಳೋಣ.