ಬಯಲು ಸಂಗೀತೋತ್ಸವ: ಶಬ್ದದ ಲೆಕ್ಕ, ಇಂಧನದ ಲೆಕ್ಕ

ಸಿಂಧನೂರು ತಾಲ್ಲೂಕಿನ ಸಾಲಗುಂದದ ಕಡೆಯವರಿಗೆ ಇದು ಹೊಸ ಅನುಭವವೇನಲ್ಲ. ಚಳಿಗಾಲದ ರಾತ್ರಿ ಮನೆಯಂಗಳದಲ್ಲಿ ನಿಂತರೆ ದೂರದ ಯಾವುದೋ ಊರಿನ ಭಜನೆಯೋ ಬಯಲಾಟದ ಹಾಡೋ ಪದಪದವಾಗಿ ಕೇಳಿಸುತ್ತದೆ. ಅದೇ ಮೈಕು ಅಷ್ಟೇ ಜೋರಾಗಿ ಮಧ್ಯಾಹ್ನ ಕೂಗಿದರೆ ಏನೂ ಕೇಳಿಸುವುದಿಲ್ಲ. ರಾತ್ರಿ ಬೇರೆ ಸದ್ದುಗಳು ಅಡಗಿರುವುದು ಒಂದು ಕಾರಣ. ಆದರೆ ಅದಷ್ಟೇ ಅಲ್ಲ.

ಶಬ್ದದ ವೇಗ ಗಾಳಿಯ ತಾಪವನ್ನು ಅವಲಂಬಿಸಿದೆ. ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹಗಲಿನಲ್ಲಿ ಕಾದ ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ಅಲೆಯ ಕೆಳಭಾಗ ವೇಗವಾಗಿ, ಮೇಲ್ಭಾಗ ನಿಧಾನವಾಗಿ ಸಾಗುವುದರಿಂದ ಅಲೆ ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲಿಂದ ಹೊರಟುಹೋಗುತ್ತದೆ. ತಿಳಿಯಾದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ಆಗ ಪರಿಸ್ಥಿತಿ ತಲೆಕೆಳಗಾಗಿ, ಮೇಲಕ್ಕೆ ಹೋಗಬೇಕಿದ್ದ ಶಬ್ದವೂ ಬಾಗಿ ನೆಲಕ್ಕೇ ಮರಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಗದ್ದೆಗಳಿದ್ದರೆ ಇನ್ನೂ ಅನುಕೂಲ. ನೀರಿನ ಮೇಲ್ಮೈ ಶಬ್ದವನ್ನು ಹೀರುವುದಿಲ್ಲ, ಪ್ರತಿಫಲಿಸುತ್ತದೆ.

ಈ ಸಂಗತಿಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಸಂಗೀತೋತ್ಸವವನ್ನು ಪರಿಸರಸ್ನೇಹಿಯಾಗಿ ಮಾಡಬೇಕೆಂದಾಗ ಎಲ್ಲರಿಗೂ ಮೊದಲು ನೆನಪಾಗುವುದು ಪ್ಲಾಸ್ಟಿಕ್ ಲೋಟ. ಉತ್ಸವವೊಂದು ಸುತ್ತಲಿನ ಪರಿಸರಕ್ಕೆ ಬಿಡುಗಡೆ ಮಾಡುವ ಮೊದಲ ವಸ್ತು ಶಬ್ದವೇ ಎಂಬುದು ಮರೆತುಹೋಗುತ್ತದೆ.

ನಮ್ಮ ನಗರಗಳಲ್ಲಿ ಇಂತಹ ಉತ್ಸವಗಳಿಗೆ ದೀರ್ಘ ಇತಿಹಾಸವಿದೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವ 1939ರಲ್ಲಿ ಆರಂಭವಾಯಿತು. ಕೋಟೆ ಪ್ರೌಢಶಾಲೆಯ ಮೈದಾನದ ಪೆಂಡಾಲಿನಲ್ಲಿ ಅದು ದಶಕಗಳ ಕಾಲ ನಡೆದುಬಂದಿದೆ. ಮೈಸೂರಿನ ವಾಣಿವಿಲಾಸ ಮೊಹಲ್ಲಾದ 8ನೇ ಅಡ್ಡರಸ್ತೆಯ ಗಣೇಶೋತ್ಸವದ ಕಚೇರಿಗಳು 1962ರಿಂದ ಬೀದಿಯಲ್ಲೇ ಚಪ್ಪರ ಹಾಕಿ ನಡೆದಿವೆ. ಇನ್ನು ಮೈಸೂರು ದಸರೆಯ ಅರಮನೆ ಮುಂದಿನ ಕಚೇರಿ ಮತ್ತು ಯುವ ದಸರಾ ನಿಮಗೆ ತಿಳಿದೇ ಇವೆ. ಮೂರೂ ಬಯಲಿನವು, ಮೂರೂ ಊರ ನಡುವಿನವು. ಇವುಗಳಿಗೆ ಎದುರಾಗುವ ಪ್ರಶ್ನೆ ಒಂದೇ: ಹಿಂದಿನ ಸಾಲಿನವನಿಗೂ ಹಾಡು ಕೇಳಬೇಕು, ಪಕ್ಕದ ಮನೆಯ ಮಗು ಮಲಗಬೇಕು. ಇವೆರಡೂ ಒಟ್ಟಿಗೆ ಸಾಧ್ಯವೇ?

ದೂರ ಇಮ್ಮಡಿಯಾದರೆ 6 ಡೆಸಿಬೆಲ್

ಬಯಲಿನಲ್ಲಿ ಒಂದೇ ಕಡೆಯಿಂದ ಬರುವ ಶಬ್ದದ ಮಟ್ಟ, ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ವೇದಿಕೆಯಿಂದ 80 ಮೀಟರ್ ದೂರದಲ್ಲಿ ಕುಳಿತವನಿಗೆ 85 ಡೆಸಿಬೆಲ್ ಕೇಳಿಸಬೇಕೆಂದು ಇಟ್ಟುಕೊಳ್ಳಿ. ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ: 40 ಮೀಟರಿನಲ್ಲಿ 91, 20ರಲ್ಲಿ 97, 10ರಲ್ಲಿ 103, 5 ಮೀಟರಿನಲ್ಲಿ 109. ಎಲ್ಲ ಸ್ಪೀಕರುಗಳನ್ನೂ ವೇದಿಕೆಯ ಎರಡು ಬದಿಯಲ್ಲಿ ಪೇರಿಸಿಡುವ ನಮ್ಮ ವಾಡಿಕೆಯ ಫಲ ಇದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 90ಕ್ಕೆ 4 ಗಂಟೆ, 100ಕ್ಕೆ ಸುಮಾರು 20 ನಿಮಿಷ. ಮುಂದಿನ ಸಾಲಿನಲ್ಲಿ ನಾವು ಕೂರಿಸುವುದು ಯಾರನ್ನು? ಬಹುತೇಕ ಮಕ್ಕಳನ್ನು! ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಪರಿಹಾರ ಕಷ್ಟದ್ದಲ್ಲ. ದೊಡ್ಡ ಸ್ಪೀಕರುಗಳ ಬದಲು ಚಿಕ್ಕವನ್ನು ಮೈದಾನದ ಉದ್ದಕ್ಕೂ ಹಂಚಿ ನಿಲ್ಲಿಸುವುದು. ಪ್ರತಿಯೊಂದೂ ತನ್ನ ಮುಂದಿನ ಇಪ್ಪತ್ತು ಮೂವತ್ತು ಮೀಟರಿಗೆ ಮಾತ್ರ ಕೇಳಿಸಿದರೆ ಸಾಕು. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಮಟ್ಟ, ಹೊರಗೆ ಸೋರುವುದು ಕಡಿಮೆ.

ಆದರೆ ಇಲ್ಲೊಂದು ತೊಡಕಿದೆ. ಜಾತ್ರೆಯಲ್ಲಿ ಕಂಬಕಂಬಕ್ಕೆ ಕಟ್ಟಿದ ಹಾರ್ನುಗಳಿಂದ ಒಂದೇ ಮಾತು ಎರಡೆರಡು ಸಲ ಬಂದು, ಏನು ಹೇಳಿದರೆಂದೇ ತಿಳಿಯದೆ ಹೋಗುವುದನ್ನು ನೀವು ಕೇಳಿದ್ದೀರಿ. ವಿದ್ಯುತ್ ಸಂಕೇತ ತಂತಿಯಲ್ಲಿ ಕ್ಷಣಾರ್ಧದಲ್ಲಿ ತಲಪುತ್ತದೆ. ಗಾಳಿಯಲ್ಲಿ ಶಬ್ದ 34 ಮೀಟರ್ ಸಾಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಹೀಗಾಗಿ ಪಕ್ಕದ ಕಂಬದ ಸದ್ದು ಮೊದಲು, ವೇದಿಕೆಯದು ಅನಂತರ ಬರುತ್ತದೆ. ಅಂತರ ಸೆಕೆಂಡಿನ ಇಪ್ಪತ್ತನೇ ಒಂದು ಭಾಗವನ್ನು ಮೀರಿದರೆ ಕಿವಿ ಅದನ್ನು ಪ್ರತಿಧ್ವನಿಯೆಂದು ಬೇರ್ಪಡಿಸತೊಡಗುತ್ತದೆ.

ಆದ್ದರಿಂದ ಹಿಂದಿನ ಸ್ಪೀಕರಿಗೆ ಹೋಗುವ ಸಂಕೇತವನ್ನು ಅಷ್ಟೇ ಹೊತ್ತು ತಡೆದು ಬಿಡಬೇಕು. ಇಂದಿನ ಡಿಜಿಟಲ್ ಮಿಕ್ಸರುಗಳಲ್ಲಿ ಇದು ಒಂದು ಗುಂಡಿಯ ಕೆಲಸ. ಇನ್ನೊಂದು ಸ್ವಾರಸ್ಯವಿದೆ. ಬೇಕಾದುದಕ್ಕಿಂತ 10-20 ಮಿಲಿಸೆಕೆಂಡ್ ಹೆಚ್ಚು ತಡೆದರೆ, ಹೆಚ್ಚಿನ ಶಬ್ದ ಪಕ್ಕದ ಸ್ಪೀಕರಿನದೇ ಆಗಿದ್ದರೂ ಹಾಡು ವೇದಿಕೆಯಿಂದಲೇ ಬಂದಂತೆ ಅನಿಸುತ್ತದೆ! ಮೊದಲು ತಲಪಿದ ಅಲೆಯ ದಿಕ್ಕನ್ನೇ ಮಿದುಳು ನಂಬುತ್ತದೆ. ಇದನ್ನು ವಿವರವಾಗಿ ಅಳೆದವನು ಜರ್ಮನಿಯ ಹೆಲ್ಮುಟ್ ಹಾಸ್, 1949ರಲ್ಲಿ. ಕೇಳುಗನಿಗೆ ಗಾಯಕ ಎದುರಿಗಿದ್ದಾನೆ ಎಂಬ ಭಾವ ಬರುವುದು ಜೋರು ಶಬ್ದದಿಂದಲ್ಲ, ಇಂತಹ ಸಣ್ಣ ಲೆಕ್ಕಗಳಿಂದ.

ಶಬ್ದದ ಮಟ್ಟವನ್ನು 3 ಡೆಸಿಬೆಲ್ ತಗ್ಗಿಸಿದರೆ ಸ್ಪೀಕರಿಗೆ ಬೇಕಾಗುವ ವಿದ್ಯುತ್ ಅರ್ಧವಾಗುತ್ತದೆ, ಕೇಳುಗನಿಗೆ ವ್ಯತ್ಯಾಸ ಅಷ್ಟಿಷ್ಟು ಮಾತ್ರ ತಿಳಿಯುತ್ತದೆ. 10 ಡೆಸಿಬೆಲ್ ತಗ್ಗಿಸಿದರೆ ವಿದ್ಯುತ್ ಹತ್ತನೇ ಒಂದು ಭಾಗ ಸಾಕು.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಧ್ವನಿವರ್ಧಕ ಇರುವ ಸಾರ್ವಜನಿಕ ಸ್ಥಳದ ಗಡಿಯಲ್ಲಿ ಇದಕ್ಕಿಂತ 10ರಷ್ಟು ಹೆಚ್ಚು, ಅಥವಾ 75, ಯಾವುದು ಕಡಿಮೆಯೋ ಅದು ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ಸಡಿಲಿಸಬಹುದು. ಆರಂಭದಲ್ಲಿ ಹೇಳಿದ, ನೆಲಕ್ಕೆ ಬಾಗುವ ಶಬ್ದವನ್ನು ನೆನೆದರೆ ಈ ಗಡುವಿಗೆ ಭೌತವಿಜ್ಞಾನದ ಬೆಂಬಲವೂ ಇದೆ ಎನ್ನಬಹುದು.

ಡೀಸೆಲ್ ಸುಡುವವರು ಯಾರು?

ಈಗ ಇಂಧನದ ಲೆಕ್ಕ. ಸಂಖ್ಯೆಗಳು ಊಹೆಯವು, ನಿಮ್ಮ ಊರಿನ ಸಂಖ್ಯೆಗಳನ್ನು ಹಾಕಿಕೊಂಡು ಮತ್ತೆ ಮಾಡಬಹುದು. ವೇದಿಕೆಯ ಜನರೇಟರ್ ಒಂದು ಸಂಜೆಗೆ 100 ಲೀಟರ್ ಡೀಸೆಲ್ ಸುಡುತ್ತದೆ ಎನ್ನೋಣ. ಒಂದು ಲೀಟರಿಗೆ ಸುಮಾರು 2.7 ಕಿಲೋಗ್ರಾಂ, ಒಟ್ಟು 270 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್. ಸಾವಿರ ವ್ಯಾಟಿನ 40 ಹಳೆಯ ವೇದಿಕೆ ದೀಪಗಳ ಬದಲು 200 ವ್ಯಾಟಿನ ಎಲ್ಇಡಿ ಹಾಕಿದರೆ 5 ಗಂಟೆಯಲ್ಲಿ 160 ಯೂನಿಟ್, ಅಂದರೆ 48 ಲೀಟರಿನಷ್ಟು ಡೀಸೆಲ್ ಉಳಿಯುತ್ತದೆ. ಹಳೆಯ ದೀಪ ಬಿಳಿ ಬೆಳಕನ್ನು ತಯಾರಿಸಿ, ಬಣ್ಣದ ಹಾಳೆಯಲ್ಲಿ ಬಹುಪಾಲನ್ನು ತಡೆದು ಹಾಕುತ್ತದೆ. ಎಲ್ಇಡಿ ಬೇಕಾದ ಬಣ್ಣವನ್ನೇ ಹೊಮ್ಮಿಸುತ್ತದೆ. ಜನರೇಟರ್ ಬಿಟ್ಟು ಲೈನಿನ ವಿದ್ಯುತ್ ಪಡೆದರೆ? ಜನರೇಟರಿನಲ್ಲಿ ಯೂನಿಟಿಗೆ 0.8 ಕಿಲೋಗ್ರಾಂ, ದೇಶದ ಜಾಲದ ಸರಾಸರಿ ಸುಮಾರು 0.7. ವ್ಯತ್ಯಾಸ ದೊಡ್ಡದಲ್ಲ. ಶಕ್ತಿನಗರದ ಕಲ್ಲಿದ್ದಲು ಚಿಮಣಿಗಳನ್ನು ನೋಡಿದ ರಾಯಚೂರು ಜಿಲ್ಲೆಯವರಿಗೆ ಇದು ಆಶ್ಚರ್ಯವಾಗದು. ಆದರೆ ಪ್ರೇಕ್ಷಕರ ಪಕ್ಕದಲ್ಲಿ ಹೊಗೆಯೂ ಗುಡುಗುಡು ಸದ್ದೂ ಇಲ್ಲವಾಗುತ್ತದೆ, ಅದು ಲಾಭವೇ.

ಇನ್ನು ಪ್ರೇಕ್ಷಕರ ಪ್ರಯಾಣ ನೋಡಿ. 5,000 ಮಂದಿ ಇಬ್ಬಿಬ್ಬರಂತೆ 2,500 ಬೈಕುಗಳಲ್ಲಿ ಹೋಗಿಬರಲು 20 ಕಿಲೋಮೀಟರ್ ಓಡಿಸಿದರೆ, ಲೀಟರಿಗೆ 50 ಕಿಲೋಮೀಟರಿನಂತೆ 1,000 ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕಿಲೋಗ್ರಾಮಿನಂತೆ 2,300 ಕಿಲೋಗ್ರಾಂ! ವೇದಿಕೆಯ ಎಂಟು ಪಟ್ಟಿಗೂ ಹೆಚ್ಚು. ನಾಲ್ವರು ಕುಳಿತ ಕಾರಿನಲ್ಲಿ ತಲೆಗೆ 0.77 ಕಿಲೋಗ್ರಾಂ, ಬೈಕಿನಲ್ಲಿ 0.46, ಅರವತ್ತು ಜನ ತುಂಬಿದ ಬಸ್ಸಿನಲ್ಲಿ 0.23 ಬರುತ್ತದೆ. ಆದರೆ ಬಸ್ಸು ಜನರನ್ನು ಇಳಿಸಿ ಖಾಲಿ ಮರಳಿ, ರಾತ್ರಿ ಮತ್ತೆ ಖಾಲಿ ಬಂದರೆ 0.46, ಅಂದರೆ ಬೈಕಿನಷ್ಟೇ. ಬಸ್ಸು ಬಿಟ್ಟರಷ್ಟೇ ಸಾಲದು, ಅದು ಎರಡೂ ದಿಕ್ಕಿಗೆ ತುಂಬಿರಬೇಕು.

2024ರಲ್ಲಿ ಯುವ ದಸರಾವನ್ನು ಮಹಾರಾಜ ಕಾಲೇಜು ಮೈದಾನದಿಂದ ನಗರದಂಚಿನ ಉತ್ತನಹಳ್ಳಿಗೆ ಒಯ್ಯಲಾಯಿತು. ನಗರದೊಳಗಿನ ವಾಹನ ದಟ್ಟಣೆ ತಪ್ಪಿತು, ಸ್ಥಳಾವಕಾಶ ಹೆಚ್ಚಿತು. ಆದರೆ ನಡೆದು ಬರುತ್ತಿದ್ದವನಿಗೆ ವಾಹನ ಬೇಕಾಯಿತು. ಇದಕ್ಕೆ ವಿರುದ್ಧವಾಗಿ, 2017ರಲ್ಲಿ ಕೆ.ಆರ್. ಮಾರುಕಟ್ಟೆಗೆ ಮೆಟ್ರೋ ಬಂದ ಮೇಲೆ ಕೋಟೆ ಪ್ರೌಢಶಾಲೆಯ ಕಚೇರಿಗೆ ರೈಲಿಳಿದು ನಡೆದೇ ಹೋಗಬಹುದಾಯಿತು. ಉತ್ಸವದ ಸ್ಥಳ ಆರಿಸುವುದೇ ಅದರ ಅತಿ ದೊಡ್ಡ ಪರಿಸರ ನಿರ್ಧಾರವೆಂದು ನನಗೆ ತೋರುತ್ತದೆ. ಬ್ರಿಟನ್ನಿನ ಬ್ರಿಸ್ಟಲ್ ನಗರದಲ್ಲಿ ಮ್ಯಾಸಿವ್ ಅಟ್ಯಾಕ್ ತಂಡ 2024ರ ಆಗಸ್ಟ್ 25ರಂದು ನಡೆಸಿದ ಕಾರ್ಯಕ್ರಮದಲ್ಲಿ ವೇದಿಕೆ ಪೂರ್ತಿ ಬ್ಯಾಟರಿಯಿಂದ ನಡೆಯಿತು. ಅಲ್ಲಿಯೂ ಸಂಘಟಕರು ಬ್ಯಾಟರಿಗೆ ನಿಲ್ಲದೆ ಪ್ರೇಕ್ಷಕರಿಗಾಗಿ ರಾತ್ರಿ ಹೆಚ್ಚುವರಿ ರೈಲುಗಳ ಏರ್ಪಾಟು ಮಾಡಿದ್ದರು.

ಲೋಟ ತಟ್ಟೆಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಕರ್ನಾಟಕ 2016ರಲ್ಲಿ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿವೆ. ಕಾಗದದ ಲೋಟದ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ. ತೊಳೆಯಲು ನೀರಿದ್ದರೆ ಸ್ಟೀಲ್, ಇಲ್ಲವಾದರೆ ಅಡಿಕೆ ಹಾಳೆ.

ಶಾಲಾ ವಾರ್ಷಿಕೋತ್ಸವದ ದಿನ ಹೀಗೆ ಮಾಡಿ

ಮೊಬೈಲಿನಲ್ಲಿ ಶಬ್ದಮಟ್ಟ ತೋರಿಸುವ ತಂತ್ರಾಂಶ ಸಿಗುತ್ತದೆ. ಅದರ ಅಂಕಿ ನಿಖರವಲ್ಲ, ಆದರೆ ಒಂದೇ ಮೊಬೈಲಿನ ಎರಡು ಅಳತೆಗಳ ವ್ಯತ್ಯಾಸವನ್ನು ಬಹುಮಟ್ಟಿಗೆ ನಂಬಬಹುದು. ಒಂದೇ ಸ್ಪೀಕರಿನಿಂದ 10, 20, 40 ಮೀಟರಿನಲ್ಲಿ ಅಳೆಯಿರಿ. ಪ್ರತಿ ಸಲ 6 ಡೆಸಿಬೆಲ್ ಇಳಿಯಿತೇ? ಗೋಡೆಗಳ ನಡುವಿನ ಅಂಗಳವಾದರೆ ಕಡಿಮೆ ಇಳಿಯುತ್ತದೆ, ಏಕೆಂದು ವಿದ್ಯಾರ್ಥಿಗಳೇ ಹೇಳಲಿ. ಬಳಿಕ ರಸ್ತೆಯುದ್ದಕ್ಕೂ ಸಾಲಾಗಿ ಕಟ್ಟಿದ ಹಾರ್ನುಗಳಿಂದ ಬದಿಗೆ ಸರಿಯುತ್ತ ಅಳೆಯಿರಿ. ಸಾಲಿನ ಹತ್ತಿರ ಇರುವವರೆಗೂ ದೂರ ಇಮ್ಮಡಿಯಾದರೆ ಸುಮಾರು 3 ಮಾತ್ರ ಇಳಿಯಬೇಕು, ಏಕೆಂದರೆ ಅಲ್ಲಿ ಶಬ್ದ ಗೋಳದಂತಲ್ಲ, ಕೊಳವೆಯಂತೆ ಹರಡುತ್ತದೆ. ಮೊದಲ ಸಾಲಿನ ಮಕ್ಕಳು ಕುಳಿತಲ್ಲಿ ಬಂದ ಅಂಕಿಯನ್ನು ಬೇರೆಯಾಗಿ ಬರೆದಿಟ್ಟು ಮೈಕ್‌ಸೆಟ್ಟಿನವರಿಗೆ ತೋರಿಸಿ. ಸಾಧ್ಯವಾದರೆ ಊರ ಹೊರಗಿನ ಒಂದೇ ಸ್ಥಳದಲ್ಲಿ ಮಧ್ಯಾಹ್ನ 3ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ಅಳೆದು, ಗಾಳಿ ಬೀಸುವ ದಿಕ್ಕನ್ನೂ ಗುರುತು ಹಾಕಿಕೊಳ್ಳಿ. ಗಾಳಿಯ ದಿಕ್ಕಿಗೆ ಶಬ್ದ ನೆಲಕ್ಕೆ ಬಾಗುತ್ತದೆ, ಎದುರಾದರೆ ಮೇಲಕ್ಕೆ ಬಾಗುತ್ತದೆ.